ನಗೆಯಾಟವೂ ಆಡಿದವರ ಮಾತೂ

ಅಡಿಗೆಯ ಹದವನ್ನು ಉಂಡವರಲ್ಲಿ ಕೇಳಬೇಕು, ದಾರಿಯ ಏರಿಳಿತವನ್ನು ನಡೆದವರಲ್ಲಿ ಕೇಳಬೇಕು ಎಂಬುದು ಎಲ್ಲರೂ ಒಪ್ಪತಕ್ಕ ಮಾತು. ಆದರೆ ಕಂಪ್ಯೂಟರಿನ ಪರದೆಯ ಮೇಲೆ ಆಡುವ ಆಟಗಳ ವಿಷಯ ಬಂದಾಗ ಮಾತ್ರ ಗೃಹಸ್ಥರಾದ ನಾವು ಈ ನ್ಯಾಯವನ್ನು ಬದಿಗಿರಿಸಿ, ಆಡದವರ ಬಾಯಿಂದಲೇ ತೀರ್ಪನ್ನು ಹೇಳಿಸುವುದು ವಾಡಿಕೆಯಾಗಿಬಿಟ್ಟಿದೆ. ಆ ಆಟಗಳೆಲ್ಲವೂ ಒಂದೇ ಬಗೆಯವು, ಹೊಡೆದಾಟ ಓಡಾಟಗಳ ಹೊರತು ಅವುಗಳಲ್ಲಿ ಬೇರೇನೂ ಇಲ್ಲ, ಮಕ್ಕಳ ಹೊತ್ತನ್ನು ನುಂಗುವುದೇ ಅವುಗಳ ಕೆಲಸ ಎಂದು ಹಿರಿಯರು ಹೇಳುವರು. ಕಿರಿಯರು ಮರುಮಾತಾಡದೆ ಬಾಗಿಲನ್ನು ಮುಂದುಮಾಡಿಕೊಂಡು ಆಡುವರು. ಹೀಗೆ ಒಂದೇ ಮನೆಯೊಳಗೆ ತಿಳಿಯದೆ ತೆಗಳುವವರು ಕೆಲವರೂ, ತಿಳಿದಿದ್ದೂ ತಿಳಿಸದಿರುವವರು ಕೆಲವರೂ ಆಗಿ, ನಡುವಣ ಬಾಗಿಲು ಮುಚ್ಚಿಯೇ ಇರುವುದು. ಇದು ಒಳ್ಳೆಯ ಲಕ್ಷಣವಲ್ಲ.

ಆದುದರಿಂದ ಅಂಥ ಒಂದು ಆಟವನ್ನೂ, ಅದನ್ನು ಆಡಿದವರು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿರುವ ಮಾತುಗಳನ್ನೂ ವಾಚಕರ ಮುಂದಿಡಬೇಕೆಂದು ನಾವು ಯೋಚಿಸಿದ್ದೇವೆ. ಆಟದ ಹೆಸರು 'ಸ್ಯಾಮ್ ಅಂಡ್ ಮ್ಯಾಕ್ಸ್ ಹಿಟ್ ದಿ ರೋಡ್'. ಸ್ಯಾಮನೂ ಮ್ಯಾಕ್ಸನೂ ದಾರಿ ಹಿಡಿದು ಹೊರಟರು ಎಂಬುದು ಅದರ ತಾತ್ಪರ್ಯ. ಅಮೆರಿಕದ ಲ್ಯೂಕಸ್‌ಆರ್ಟ್ಸ್ ಎಂಬ ಸಂಸ್ಥೆಯವರು 1993ನೆಯ ಇಸವಿಯ ನವೆಂಬರಿನಲ್ಲಿ ಇದನ್ನು ಹೊರಡಿಸಿದರು. ಇಷ್ಟು ಹಳೆಯ ಆಟವನ್ನು ಈಗೇಕೆ ಎತ್ತಿಕೊಳ್ಳಬೇಕೆಂದು ಕೆಲವರು ಕೇಳಬಹುದು. ಬೇರೆಲ್ಲ ರಸಗಳಿಗಿಂತ ಹಾಸ್ಯಕ್ಕೆ ಮುಪ್ಪು ಬೇಗ ಬರುವುದೆಂಬುದನ್ನು ಬಲ್ಲವರು ಬಲ್ಲರು. ಹೋದ ವರ್ಷದ ವಿನೋದವು ಈ ವರ್ಷಕ್ಕೆ ಸಪ್ಪೆಯಾಗುವುದುಂಟು. ಹೀಗಿರಲು, ಮೂವತ್ತು ವರ್ಷಗಳು ಕಳೆದರೂ ಜನರನ್ನು ನಗಿಸುತ್ತಲೂ ಜಗಳಕ್ಕೆಳೆಯುತ್ತಲೂ ಇರುವ ಒಂದು ನಗೆಯಾಟದಲ್ಲಿ ವಿಚಾರಮಾಡತಕ್ಕದ್ದು ಏನೋ ಇದೆ ಎಂದೇ ನಾವು ತಿಳಿಯುತ್ತೇವೆ.

ಈ ಆಟದ ಹುಟ್ಟು ಇಬ್ಬರು ಅಣ್ಣತಮ್ಮಂದಿರ ತುಂಟತನದಲ್ಲಿದೆ. ಸ್ಟೀವ್ ಪರ್ಸೆಲ್ ಎಂಬ ಚಿತ್ರಕಾರನ ತಮ್ಮನು ಹುಡುಗನಾಗಿದ್ದಾಗ ಒಂದು ನಾಯಿ, ಒಂದು ಮೊಲ ಇವೆರಡನ್ನು ಪತ್ತೇದಾರರನ್ನಾಗಿ ಮಾಡಿ ಚಿತ್ರಕಥೆಗಳನ್ನು ಬರೆಯುತ್ತಿದ್ದನು. ಬರೆದು, ಅರ್ಧಕ್ಕೆ ಬಿಟ್ಟು, ಮನೆಯಲ್ಲಿ ಎಲ್ಲೆಂದರಲ್ಲಿ ಎಸೆದಿರುತ್ತಿದ್ದನು. ಅಣ್ಣನು ಆ ಹಾಳೆಗಳನ್ನು ಎತ್ತಿಕೊಂಡು, ತಮ್ಮನ ಬರವಣಿಗೆಯ ಕುಂದುಗಳನ್ನೇ ಹಾಸ್ಯಮಾಡುತ್ತ, ನಾಯಿಮೊಲಗಳು ಒಂದರ ಹೆಸರನ್ನು ಮತ್ತೊಂದಕ್ಕೆ ಇಟ್ಟು ಕರೆಯುವಂತೆ ಮಾಡಿ ಕಥೆಯನ್ನು ಮುಗಿಸಿಡುತ್ತಿದ್ದನು. ತಮ್ಮನು ಸಿಟ್ಟಾದನೋ ನಕ್ಕನೋ ನಾವರಿಯೆವು. ಮುಂದೆ ಅಣ್ಣನ ಒಂದು ಹುಟ್ಟುಹಬ್ಬಕ್ಕೆ ಆ ಎರಡು ಪಾತ್ರಗಳ ಹಕ್ಕನ್ನೇ ಉಡುಗೊರೆಯಾಗಿ ಬರೆದುಕೊಟ್ಟನು. 1987ರಲ್ಲಿ ಸ್ಯಾಮ್ ಮತ್ತು ಮ್ಯಾಕ್ಸ್‌ರ ಮೊದಲನೆಯ ಕಾಮಿಕ್ಸ್ ಪುಸ್ತಕವು ಅಚ್ಚಾಯಿತು. ಮರುವರ್ಷ ಪರ್ಸೆಲ್ಲನು ಮೇಲೆ ಹೇಳಿದ ಆಟದ ಸಂಸ್ಥೆಯಲ್ಲಿ ಚಿತ್ರಕಾರನಾಗಿ ಸೇರಿದನು. ಸಂಸ್ಥೆಯ ವಾರ್ತಾಪತ್ರಿಕೆಯಲ್ಲಿ ಈ ಜೋಡಿಯ ಚಿತ್ರಗಳು ಬರತೊಡಗಿದವು. ಕೊನೆಗೆ ಆಟವೂ ಹುಟ್ಟಿತು. ಮನೆಯೊಳಗಿನ ಕೀಟಲೆಯೊಂದು ಲೋಕದ ವಿನೋದವಾದ ಬಗೆ ಹೀಗೆ.

ಈ ಬಗೆಯ ಆಟಕ್ಕೆ ಅಡ್ವೆಂಚರ್ ಗೇಮ್, ಎಂದರೆ ಸಾಹಸದ ಆಟ ಎಂದು ಹೆಸರು. ಹೆಸರು ಸಾಹಸದ್ದಾದರೂ ಇದರಲ್ಲಿ ಕೈಚಳಕದ ಕೆಲಸ ಸ್ವಲ್ಪವೇ. ಪರದೆಯ ಮೇಲೆ ಒಂದು ಸ್ಥಳವು ಕಾಣುವುದು. ಆಡುವವನು ಮೌಸಿನಿಂದ ತೋರಿಸಿದ ಕಡೆಗೆ ಕಥಾನಾಯಕನು ನಡೆಯುವನು, ನೋಡೆಂದುದನ್ನು ನೋಡುವನು, ಎತ್ತಿಕೊಳ್ಳೆಂದುದನ್ನು ಎತ್ತಿಕೊಳ್ಳುವನು, ಎದುರಿಗೆ ಬಂದವರೊಡನೆ ಮಾತಾಡುವನು. ದೊರಕಿದ ವಸ್ತುಗಳನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಯಾವುದನ್ನು ಎಲ್ಲಿ ಬಳಸಿದರೆ ಮುಂದಣ ದಾರಿ ತೆರೆಯುವುದೆಂದು ಯೋಚಿಸುವುದೇ ಆಟ. ಓದುವ ಕಥೆಗೂ ಬಿಡಿಸುವ ಒಗಟಿಗೂ ಮದುವೆಮಾಡಿಸಿದಂತೆ ಎನ್ನಬಹುದು. ಆ ಕಾಲದ ಇತರ ಕೆಲವು ಸಂಸ್ಥೆಗಳ ಆಟಗಳಲ್ಲಿ ಒಂದು ಹೆಜ್ಜೆ ತಪ್ಪಿದರೆ ನಾಯಕನು ಸತ್ತು ಬಿದ್ದು, ಆಡುವವನು ಮತ್ತೆ ಹಿಂದಿನಿಂದ ತೊಡಗಬೇಕಾಗುತ್ತಿತ್ತು. ಲ್ಯೂಕಸ್‌ಆರ್ಟ್ಸಿನವರು ಅದನ್ನು ಬಿಟ್ಟಿದ್ದರು. ಅವರ ಈ ಆಟದಲ್ಲಿ ಸಾವಿಲ್ಲ. ಎಷ್ಟು ಹೊತ್ತು ಬೇಕಾದರೂ ಅಲೆಯಬಹುದು, ಏನನ್ನು ಬೇಕಾದರೂ ಪ್ರಯತ್ನಿಸಿ ನೋಡಬಹುದು. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದರಿಂದ ಪ್ರಯೋಜನವಿದೆ.

ಕಥೆಯು ಹೀಗಿದೆ. ಸ್ಯಾಮನು ಕೋಟು ಹ್ಯಾಟು ತೊಟ್ಟ, ಮನುಷ್ಯನಷ್ಟೆತ್ತರದ ನಾಯಿ. ಮಾತಿನಲ್ಲಿ ಗಂಭೀರ, ಪದಪ್ರಯೋಗದಲ್ಲಿ ಧಾರಾಳಿ. ಮ್ಯಾಕ್ಸನು ಮೊಲದಂತಿರುವ ಬಿಳಿಯ ಪ್ರಾಣಿ. ಬಟ್ಟೆಯೂ ಇಲ್ಲ, ತಾಳ್ಮೆಯೂ ಇಲ್ಲ. ಯಾರ ನೌಕರಿಯಲ್ಲಿಯೂ ಇಲ್ಲದ ಸ್ವತಂತ್ರ ಪೋಲೀಸರೆಂದು ತಮ್ಮನ್ನು ಕರೆದುಕೊಳ್ಳುವ ಈ ಇಬ್ಬರಿಗೆ ಎಂದೂ ಮುಖ ತೋರಿಸದ ಕಮಿಷನರನೊಬ್ಬನು ಟೆಲಿಫೋನಿನಲ್ಲಿ ಕೆಲಸ ಒಪ್ಪಿಸುವನು. ಕಾರ್ನಿವಲ್ ಎಂಬ ಸಂಚಾರೀ ಜಾತ್ರೆಯೊಂದರಲ್ಲಿ ಬ್ರೂನೋ ಎಂಬ ಕಾಡುಮನುಷ್ಯನನ್ನು ಮಂಜುಗಡ್ಡೆಯೊಳಗೆ ಇಟ್ಟು ಪ್ರದರ್ಶಿಸುತ್ತಿದ್ದರು. ಜಿರಾಫೆಯಂತೆ ಉದ್ದ ಕೊರಳುಳ್ಳ ಟ್ರಿಕ್ಸಿ ಎಂಬ ಹುಡುಗಿಯೊಡನೆ ಅವನು ಓಡಿಹೋಗಿದ್ದಾನೆ; ಹುಡುಕಿ ತರಬೇಕು. ಅಲ್ಲಿಂದ ಇಬ್ಬರೂ ಹಳೆಯ ಡಿಸೋಟೋ ಕಾರಿನಲ್ಲಿ ದೇಶವನ್ನೆಲ್ಲ ಸುತ್ತುವರು.

ಸುತ್ತುವ ಸ್ಥಳಗಳಲ್ಲಿಯೇ ಅರ್ಧ ಹಾಸ್ಯವಿದೆ. ಅಮೆರಿಕದಲ್ಲಿ ಮೋಟಾರು ಕಾರುಗಳು ಹೆಚ್ಚಿದ ಮೇಲೆ, ಹೆದ್ದಾರಿಯ ಪ್ರಯಾಣಿಕರ ಕಾಸನ್ನು ಸೆಳೆಯುವುದಕ್ಕಾಗಿ ಊರೂರಿಗೂ ಒಂದೊಂದು 'ಅದ್ಭುತ'ವು ಹುಟ್ಟಿಕೊಂಡಿತು. ಕಾನ್ಸಾಸ್ ಸಂಸ್ಥಾನದ ಕಾಕರ್ ಸಿಟಿಯಲ್ಲಿ ಹುರಿದಾರವನ್ನು ಸುತ್ತಿ ಸುತ್ತಿ ಮಾಡಿದ ಬೃಹತ್ತಾದ ಉಂಡೆಯೊಂದಿದೆ. ಮಿನ್ನೆಸೋಟದ ಡಾರ್ವಿನ್ ಎಂಬ ಊರಿನಲ್ಲಿ ಒಬ್ಬನೇ ಮನುಷ್ಯನು ಸುತ್ತಿದ ಮತ್ತೊಂದು ಇದೆ. ಲೋಕದಲ್ಲಿ ತನ್ನದೇ ದೊಡ್ಡದೆಂದು ಹೇಳಿಕೊಳ್ಳುವುದರಲ್ಲಿ ಎರಡು ಊರುಗಳಿಗೂ ಪೈಪೋಟಿ. ಕ್ಯಾಲಿಫೋರ್ನಿಯಾ, ಓರೆಗಾನ್ ಪ್ರಾಂತ್ಯಗಳಲ್ಲಿ ಭೂಮಿಯ ಸೆಳೆತವೇ ಓರೆಯಾಗಿದೆಯೆಂದು ತೋರಿಸುವ 'ರಹಸ್ಯಸ್ಥಳ'ಗಳಿವೆ. ಪರ್ಸೆಲ್ಲನೂ ಸಂಗಡಿಗರೂ ಇವುಗಳನ್ನು ಇನ್ನೂ ಒಂದು ಸುತ್ತು ಹೆಚ್ಚು ತಿರುಗಿಸಿ ಆಟದೊಳಗೆ ಇಟ್ಟಿದ್ದಾರೆ. ಅದರಲ್ಲಿನ ದಾರದುಂಡೆಯು ಬೆಟ್ಟದಂತಿದೆ. ಪ್ರಸಿದ್ಧ ಪುರುಷರ ಮುಖದ ತರಕಾರಿಗಳನ್ನು ಸಂಗ್ರಹಿಸಿಟ್ಟ ಮ್ಯೂಸಿಯಮ್ಮೊಂದು ಇದೆ. ಮೊಸಳೆಗಳ ನಡುವೆ ಗಾಲ್ಫ್ ಆಡುವ ಬಯಲಿದೆ. ದಾರಿಯುದ್ದಕ್ಕೂ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತಹ ತಿಂಡಿಯಂಗಡಿಗಳಿವೆ. ನೋಡತಕ್ಕದ್ದು ಏನೂ ಇಲ್ಲದ ಸ್ಥಳವನ್ನು ನೋಡಲು ಟಿಕೇಟು ಕೊಂಡು ಸಾಲುನಿಂತ ಅನುಭವವು ಯಾವ ದೇಶದ ಯಾತ್ರಿಕನಿಗೆ ಇಲ್ಲ? ಆ ದೇಶವನ್ನು ಕಾಣದವರೂ ಇದನ್ನು ಆಡುವಾಗ ನಗುವುದು ಅದಕ್ಕಾಗಿಯೇ.

ಇನ್ನು ಆಡಿದವರ ಅಭಿಪ್ರಾಯಗಳನ್ನು ನೋಡೋಣ. ಒಂದು ವಿಷಯದಲ್ಲಿ ಬಹುಮಟ್ಟಿಗೆ ಎಲ್ಲರೂ ಏಕಕಂಠರಾಗಿರುವರು: ಆ ಇಬ್ಬರ ಸಂಭಾಷಣೆಯು ಬಹಳ ಸೊಗಸು ಎಂಬುದು. ನೋಡು ಎಂದು ಯಾವುದೋ ಕೆಲಸಕ್ಕೆ ಬಾರದ ವಸ್ತುವನ್ನು ತೋರಿಸಿದರೂ ಸ್ಯಾಮನು ಅದರ ಮೇಲೆ ಒಂದು ಮಾತು ಹೇಳುವನು. ಮ್ಯಾಕ್ಸನು ಅದಕ್ಕೆ ಇನ್ನೊಂದನ್ನು ಸೇರಿಸುವನು. ಕಥೆ ಮುಂದುವರಿಯಲೆಂದಲ್ಲ, ಇವರು ಏನು ಹೇಳುವರೋ ಕೇಳೋಣವೆಂದೇ ಕೋಣೆಯ ಮೂಲೆಮೂಲೆಯನ್ನೂ ಮುಟ್ಟಿ ನೋಡಿದೆವೆಂದು ಆಡಿದವರು ಹೇಳುವುದು ಸಾಮಾನ್ಯ. ಸ್ಯಾಮನಿಗೆ ಧ್ವನಿಕೊಟ್ಟವನು ಬಿಲ್ ಫಾರ್ಮರ್; ಡಿಸ್ನಿ ಚಿತ್ರಗಳ ಗೂಫಿಗೆ ಬಹುಕಾಲದಿಂದ ಧ್ವನಿಯಾಗಿರುವವನೂ ಇವನೇ. ಮ್ಯಾಕ್ಸನ ಧ್ವನಿ ನಿಕ್ ಜೇಮ್ಸನ್ನನದು. ಒಬ್ಬನದು ನಿಧಾನ, ಒಬ್ಬನದು ಚುರುಕು. ಅವರ ಮಾತನ್ನು ಕೇಳುವುದು ಪಳಗಿದ ಕೈಗಳ ತಾಳವನ್ನು ಕೇಳಿದಂತಿರುವುದು.

ಈ ಮೆಚ್ಚಿಕೆಯ ಹಿಂದೆ ಒಂದು ಕುಶಲತೆಯು ಅಡಗಿದೆ. ಅದನ್ನು ವಿವರಿಸುವುದು ಅವಶ್ಯಕ. ಆ ಸಂಸ್ಥೆಯ ಹಿಂದಣ ಆಟಗಳಲ್ಲಿ, ನಾಯಕನು ಆಡಬಹುದಾದ ಮಾತುಗಳೆಲ್ಲವೂ ಪರದೆಯ ಕೆಳಗಡೆ ಸಾಲಾಗಿ ಬರೆದಿರುತ್ತಿದ್ದವು. ಆಡುವವನು ಓದಿ, ಒಂದನ್ನು ಆರಿಸಿದ ಮೇಲೆ ನಾಯಕನು ಅದೇ ಮಾತನ್ನು ಹೇಳುತ್ತಿದ್ದನು. ಇದರಿಂದಾಗುವ ನಷ್ಟವನ್ನು ಊಹಿಸಿಕೊಳ್ಳಿ. ಯಕ್ಷಗಾನದ ಹಾಸ್ಯಗಾರನು ರಂಗಕ್ಕೆ ಬರುವ ಮುಂಚೆಯೇ ಅವನ ಮಾತುಗಳನ್ನು ಅಚ್ಚುಮಾಡಿ ಸಭೆಗೆ ಹಂಚಿಬಿಟ್ಟರೆ, ಅವನು ಬಾಯಿ ತೆರೆದಾಗ ನಗುವವರು ಯಾರು? ಆದುದರಿಂದ ಈ ಆಟದಲ್ಲಿ ಬರೆದ ಮಾತುಗಳನ್ನು ತೆಗೆದು, ಬರಿಯ ಗುರುತುಗಳನ್ನು ಇಟ್ಟರು. ಪ್ರಶ್ನಾರ್ಥಕ ಚಿಹ್ನೆಯನ್ನು ಮುಟ್ಟಿದರೆ ಸ್ಯಾಮನು ಏನನ್ನೋ ಕೇಳುವನು. ಆಶ್ಚರ್ಯಸೂಚಕವನ್ನು ಮುಟ್ಟಿದರೆ ಏನನ್ನೋ ಉದ್ಗರಿಸುವನು. ರಬ್ಬರಿನ ಬಾತುಕೋಳಿಯೊಂದಿದೆ, ಅದನ್ನು ಮುಟ್ಟಿದರೆ ಸಂಬಂಧವೇ ಇಲ್ಲದ ಏನನ್ನೋ ಹೇಳಿಬಿಡುವನು. ಏನು ಹೇಳುವನೆಂಬುದು ಹೇಳುವವರೆಗೂ ತಿಳಿಯದು. ಆಡುವವನು ನಗೆಮಾತಿನ ಒಡೆಯನಾಗಿದ್ದವನು ಅದರ ಅತಿಥಿಯಾದನು. ಇದೇ ರೀತಿಯಾಗಿ, ಪರದೆಯ ಕೆಳಭಾಗವನ್ನು ತುಂಬಿಕೊಂಡಿರುತ್ತಿದ್ದ ಕ್ರಿಯಾಪದಗಳ ಪಟ್ಟಿಯನ್ನೂ ತೆಗೆದುಹಾಕಿ, ಕಣ್ಣು, ಕೈ, ಬಾಯಿ ಮೊದಲಾದ ಚಿಕ್ಕ ಚಿತ್ರಗಳನ್ನು ಮೌಸಿನ ತುದಿಗೇ ಕಟ್ಟಿದರು. ಚಿತ್ರವು ಪರದೆಯ ತುಂಬ ಹರಡಿಕೊಂಡಿತು. ನಗೆಯನ್ನು ಕಾಪಾಡುವುದಕ್ಕಾಗಿ ಯಂತ್ರವನ್ನೇ ತಿದ್ದಿದ ಈ ಎಚ್ಚರವು ನಮಗೆ ಬಹಳ ಮೆಚ್ಚಿಕೆಯಾಯಿತು.

ಅಭಿಪ್ರಾಯಭೇದವು ಬರುವುದು ಒಗಟುಗಳ ವಿಷಯದಲ್ಲಿ. ಒಂದು ಪಕ್ಷದವರು ಹೇಳುವುದೇನೆಂದರೆ: ಈ ಒಗಟುಗಳಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ, ಬುದ್ಧಿಯಿಂದ ಬಿಡಿಸಲು ಬಾರದು, ಕೈಯಲ್ಲಿರುವ ಪ್ರತಿಯೊಂದು ವಸ್ತುವನ್ನೂ ಕಣ್ಣಿಗೆ ಬಿದ್ದ ಪ್ರತಿಯೊಂದರ ಮೇಲೆಯೂ ಉಜ್ಜಿ ನೋಡುವುದೊಂದೇ ದಾರಿ. ಇದಕ್ಕೆ ಅವರು ಕೊಡುವ ದೃಷ್ಟಾಂತವೂ ಗಟ್ಟಿಯಾದುದೇ. ಆ ಬೃಹತ್ತಾದ ದಾರದುಂಡೆಯಲ್ಲಿ ಒಂದು ಉಂಗುರವು ಸಿಕ್ಕಿಕೊಂಡಿದೆ. ಅದನ್ನು ತೆಗೆಯಬೇಕಾದರೆ, ನೀರಿಗೆ ಬಿದ್ದ ಗಾಲ್ಫ್ ಚೆಂಡನ್ನು ಎತ್ತುವ ಕೋಲಿಗೆ, ಜೆಸ್ಸಿ ಜೇಮ್ಸ್ ಎಂಬ ಹಳೆಯ ಕಾಲದ ದರೋಡೆಗಾರನದೆಂದು ಹೇಳಲಾಗುವ ಕಡಿದ ಕೈಯನ್ನು ಜೋಡಿಸಬೇಕು. ಯಾವ ವಿವೇಕಿಯ ತಲೆಗೆ ಇದು ಹೊಳೆದೀತು ಎಂದು ಅವರು ಕೇಳುವರು. ಎದುರು ಪಕ್ಷದವರು, ಹುಚ್ಚರ ಲೋಕಕ್ಕೆ ಹೋದವನು ಹುಚ್ಚರ ತರ್ಕವನ್ನೇ ಕಲಿಯಬೇಕು, ವಿವೇಕವನ್ನು ಹುಡುಕುವವನು ಬೇರೆ ಆಟಕ್ಕೆ ಹೋಗಲಿ ಎಂದು ಉತ್ತರ ಕೊಡುವರು. ಮೊದಲನೆಯ ಒಗಟಿನಲ್ಲಿಯೇ ಆಟವು ತನ್ನ ಗುಣವನ್ನು ಮುಚ್ಚುಮರೆಯಿಲ್ಲದೆ ತೋರಿಸಿಕೊಟ್ಟಿದೆ ಎಂಬುದು ಅವರ ವಾದ. ಕಮಿಷನರನ ಆಜ್ಞಾಪತ್ರವನ್ನು ತಂದ ಬೆಕ್ಕು ಆ ಪತ್ರವನ್ನು ನುಂಗಿಬಿಟ್ಟಿದೆ. ಪೆಟ್ಟಿಗೆಯಲ್ಲಿ ಇತರ ವಸ್ತುಗಳ ಸಾಲಿನಲ್ಲಿ ಮ್ಯಾಕ್ಸನ ಚಿತ್ರವೂ ಇದೆ. ಮ್ಯಾಕ್ಸನನ್ನೇ ಒಂದು ಉಪಕರಣದಂತೆ ಬೆಕ್ಕಿನ ಮೇಲೆ ಬಳಸಿದರೆ ಅವನು ಕೈಹಾಕಿ ಪತ್ರವನ್ನು ಹೊರಗೆಳೆಯುವನು. ಸ್ನೇಹಿತನನ್ನು ಇಕ್ಕಳದಂತೆ ಉಪಯೋಗಿಸುವ ಆಟದಲ್ಲಿ ಸಾಧಾರಣ ನ್ಯಾಯವನ್ನು ನಿರೀಕ್ಷಿಸಬಹುದೇ?

ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಆದರೆ ಒಗಟು ಸುಲಭವೋ ಕಠಿಣವೋ ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಲ್ಲವೆಂದು ನಮಗೆ ತೋರುತ್ತದೆ. ನಮ್ಮ ಮನೆಗಳಲ್ಲಿ ಸಂಜೆಯ ಹೊತ್ತು ಅಜ್ಜಿಯರು ಹೇಳುವ ಒಗಟುಗಳನ್ನು ಸ್ಮರಿಸಿಕೊಳ್ಳಿರಿ. ಅವು ಸುಲಭವಾಗಿರುವುದೇ ಇಲ್ಲ. ಸೋತವನು "ನೀವೇ ಹೇಳಿಬಿಡಿ" ಎನ್ನುವನು, ಅಜ್ಜಿಯು ಹೇಳುವಳು, ಆ ಕ್ಷಣದಲ್ಲಿ "ಅಯ್ಯೋ, ಕಣ್ಣ ಮುಂದೆಯೇ ಇತ್ತಲ್ಲ!" ಎಂದು ಸೋತವನೇ ಮೊದಲು ನಗುವನು. ಅದು ನ್ಯಾಯವಾದ ಒಗಟು. ಉತ್ತರವನ್ನು ಕೇಳಿದ ಮೇಲೆಯೂ "ಇದು ಯಾರಿಗೆ ತಿಳಿಯಬೇಕು?" ಎಂದು ಮುಖ ಗಂಟಿಕ್ಕುವಂತಿದ್ದರೆ ಅದು ಅನ್ಯಾಯವಾದ ಒಗಟು. ನಗೆಯಾಟದ ಒಗಟನ್ನು ತೂಗತಕ್ಕ ತಕ್ಕಡಿ ಇದೇ ಹೊರತು ಕಷ್ಟಸುಖಗಳಲ್ಲ.

ಈ ತಕ್ಕಡಿಯಲ್ಲಿ ತೂಗಿದರೆ, ಆಟದ ಒಗಟುಗಳಲ್ಲಿ ಹೆಚ್ಚಿನವು ಗೆಲ್ಲುವುವು, ಕೆಲವು ಸೋಲುವುವು. ಗೆಲ್ಲತಕ್ಕ ಒಂದನ್ನು ಹೇಳುವೆವು. ಕಥೆಯ ಕೊನೆಗೆ ಕಾಡುಮನುಷ್ಯರು ತಮ್ಮ ಕಾಡನ್ನು ಮರಳಿ ಪಡೆಯುವುದಕ್ಕಾಗಿ ಒಂದು ಮಂತ್ರವನ್ನು ಮಾಡಬೇಕಾಗಿದೆ. ಅದಕ್ಕೆ ನಾಲ್ಕು ವಸ್ತುಗಳು ಬೇಕು. ಅವುಗಳಲ್ಲೊಂದು, ಜಾನ್ ಮ್ಯೂರನ ಮುಖವುಳ್ಳ ತರಕಾರಿ. ಈ ಮ್ಯೂರನು ಕಲ್ಪಿತನಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಅಮೆರಿಕದ ಅರಣ್ಯಗಳನ್ನುಳಿಸಲು ಶ್ರಮಪಟ್ಟ ಮಹನೀಯನು. ಅಲ್ಲಿನ ಯೋಸೆಮಿಟಿ ಕಣಿವೆಯ ರಕ್ಷಣೆಗೆ ಅವನ ಹೆಸರು ಅಂಟಿಕೊಂಡಿದೆ. ಸಿರಿವಂತ ಗಾಯಕನೊಬ್ಬನ ಅರಮನೆಯಲ್ಲಿ ಮ್ಯೂರನ ಚಿತ್ರಪಟವಿದೆ. ಅದನ್ನು ತರಕಾರಿಯ ಮ್ಯೂಸಿಯಮ್ಮಿಗೆ ಒಯ್ದರೆ ಆ ಮುಖದ ಕಾಯಿಯು ದೊರೆಯುವುದು. ಕಾಡು ಬೆಳೆಯಬೇಕಾದರೆ ಕಾಡನ್ನು ಕಾದವನ ಆಶೀರ್ವಾದವು ಬೇಕು ಎಂಬುದು ಹುಚ್ಚುತನವೇ ಆದರೂ, ಅದರಲ್ಲೊಂದು ಮರ್ಯಾದೆಯಿದೆ. ಉತ್ತರ ತಿಳಿದಾಗ ನಗೆಯೂ ಬರುವುದು, ತಲೆಯೂ ಒಪ್ಪುವುದು. ಕಡಿದ ಕೈಯ ಒಗಟಿನಲ್ಲಿ ನಗೆಯು ಬಂದೀತು; ತಲೆಯು ಒಪ್ಪುವುದು ಕಷ್ಟ.

ಇಲ್ಲಿಯೇ ಮತ್ತೊಂದು ಸಂಗತಿಯನ್ನು ಗಮನಿಸಬೇಕು. ನಾವು ಹೇಳಬೇಕೆಂದಿರುವ ಮುಖ್ಯ ವಿಷಯವೂ ಅದೇ. ಈ ಆಟವನ್ನು ಒಬ್ಬಂಟಿಯಾಗಿ ಆಡಿದವರೂ, ಜೊತೆಗೂಡಿ ಆಡಿದವರೂ ಒಂದೇ ಒಗಟನ್ನು ಕುರಿತು ಬೇರೆ ಬೇರೆ ಮಾತನ್ನಾಡುವುದನ್ನು ನಾವು ಕಂಡಿದ್ದೇವೆ. ಒಬ್ಬನೇ ಕುಳಿತು, ನಡುರಾತ್ರಿಯವರೆಗೆ ಮೊಸಳೆಗಳ ಬಯಲಿನಲ್ಲಿ ಸಿಕ್ಕಿಕೊಂಡವನು ಬೇಸತ್ತು ತೆಗಳುವನು. ಅಣ್ಣನೋ ತಂಗಿಯೋ ಪಕ್ಕದಲ್ಲಿ ಕುಳಿತು "ಚೆಂಡಿನ ಬದಲು ಮೀನನ್ನಿಟ್ಟು ಹೊಡೆ, ಮೊಸಳೆಗಳು ಅದರ ಹಿಂದೆ ಹೋಗಿ ಸಾಲಾಗಿ ನಿಂತರೆ ಅವುಗಳ ಬೆನ್ನ ಮೇಲೆಯೇ ದಾಟಬಹುದು" ಎಂದು ಗೇಲಿಗೆ ಹೇಳಿದ ಮಾತೇ ಉತ್ತರವಾಗಿಬಿಟ್ಟಾಗ, ಆ ಮನೆಯವರು ಆ ಒಗಟನ್ನು ವರ್ಷಾಂತರಗಳವರೆಗೆ ನೆನೆದು ನಗುವರು. ಒಗಟು ಎರಡು ಕಡೆಯೂ ಅದೇ. ಒಂದು ಕಡೆ ಜೊತೆಯಿತ್ತು, ಇನ್ನೊಂದು ಕಡೆ ಇರಲಿಲ್ಲ. ಗೇಲಿಯ ಮಾತೇ ಉತ್ತರವಾಗತಕ್ಕ ಆಟದಲ್ಲಿ ಗೇಲಿಮಾಡುವವರು ಒಬ್ಬರಾದರೂ ಹತ್ತಿರವಿರಬೇಡವೇ? ಕಠಿಣವೆಂಬ ದೂರಿನಲ್ಲಿ ಬಹುಭಾಗವು ವಾಸ್ತವದಲ್ಲಿ ಒಂಟಿತನದ ದೂರೆಂಬುದು ನಮ್ಮ ಅಭಿಪ್ರಾಯ.

ಆಟದ ರಚನೆಯೂ ಇದಕ್ಕೆ ಸಾಕ್ಷಿಯಾಗಿದೆ. ಇಬ್ಬರು ಅಣ್ಣತಮ್ಮಂದಿರ ನಡುವೆ ಹುಟ್ಟಿದ ಹಾಸ್ಯವಿದು; ನಾಯಕರೂ ಇಬ್ಬರೇ. ಸ್ಯಾಮನೊಬ್ಬನೇ ಇದ್ದಿದ್ದರೆ ಅವನ ಮಾತು ಉಪನ್ಯಾಸವಾಗುತ್ತಿತ್ತು. ಮ್ಯಾಕ್ಸನೊಬ್ಬನೇ ಇದ್ದಿದ್ದರೆ ಬರಿಯ ದಾಂಧಲೆಯಾಗುತ್ತಿತ್ತು. ಆಟದಲ್ಲಿ ಸಾವಿಲ್ಲವೆಂದು ಮೇಲೆ ಹೇಳಿದೆವಷ್ಟೆ. ಸಾವಿಲ್ಲದ ಆಟದಲ್ಲಿ ಅವಸರವಿಲ್ಲ; ಅವಸರವಿಲ್ಲದೆಡೆಯಲ್ಲಿ ಒಬ್ಬರು ಮೌಸು ಹಿಡಿದರೂ ನಾಲ್ವರು ಸಲಹೆ ಕೊಡಬಹುದು, ನಡುವೆ ಎದ್ದುಹೋಗಿ ಒಲೆಯ ಮೇಲಣ ಹಾಲನ್ನು ಇಳಿಸಿ ಬರಬಹುದು. ಹಿಂದಿನ ಕಾಲದಲ್ಲಿ ದಾರಿ ಕಾಣದವರಿಗೆ ಸುಳಿವಿನ ಪುಸ್ತಕಗಳು ಮಾರಾಟಕ್ಕಿದ್ದವು. ಹಣ ತೆತ್ತು ಟೆಲಿಫೋನಿನಲ್ಲಿ ಸುಳಿವು ಕೇಳುವ ಏರ್ಪಾಡೂ ಇತ್ತು. ಈಗ ಎಲ್ಲ ಉತ್ತರಗಳೂ ಇಂಟರ್‌ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಕ್ಕುವುವು. ಹಾಗೆ ನೋಡಿಕೊಂಡು ಆಡಿದವರು, ಕಥೆಯೇನೋ ಚೆನ್ನಾಗಿತ್ತು, ಬೇಗ ಮುಗಿದುಹೋಯಿತು ಎನ್ನುವರು. ಉತ್ತರವನ್ನು ಕಾಗದದಿಂದ ಪಡೆದರೆ ಬೀಗ ತೆರೆಯುವುದು. ಜೊತೆಗಾರನಿಂದ ಪಡೆದರೆ ಬೀಗವೂ ತೆರೆಯುವುದು, ನಗೆಯೂ ಉಳಿಯುವುದು.

ಹಿರಿಯರ ಆಕ್ಷೇಪಣೆಯೊಂದಿದೆ, ಅದನ್ನು ಹಾರಿಸಿ ಹೋಗುವುದು ಸರಿಯಲ್ಲ. ಮ್ಯಾಕ್ಸನಿಗೆ ಬಡಿದಾಟವೆಂದರೆ ಹಬ್ಬ. ಸ್ಯಾಮನ ಬಳಿ ಪಿಸ್ತೂಲಿದೆ. ಆರಂಭದ ದೃಶ್ಯದಲ್ಲಿಯೇ ಹುಚ್ಚು ವಿಜ್ಞಾನಿಯೊಬ್ಬನ ತಲೆಯನ್ನು ಮ್ಯಾಕ್ಸನು ಕಿತ್ತುಬಿಡುವನು. ಅದು ಯಂತ್ರದ ಬೊಂಬೆಯೆಂದು ಆಮೇಲೆ ತಿಳಿಯುವುದಾದರೂ, ಇದು ಮಕ್ಕಳಿಗೆ ತಕ್ಕ ವಿನೋದವೇ ಎಂದು ಕೇಳುವವರುಂಟು. ತೀರ ಚಿಕ್ಕ ಮಕ್ಕಳಿಗೆ ತಕ್ಕುದಲ್ಲವೆಂದೇ ನಾವೂ ಹೇಳುವೆವು. ಬುದ್ಧಿ ಬಲಿತ ಮಕ್ಕಳ ವಿಷಯದಲ್ಲಿ ಮಾತ್ರ, ಆಟವು ಯಾರನ್ನು ನೋಡಿ ನಗುತ್ತದೆಂಬುದನ್ನು ಮೊದಲು ವಿಚಾರಿಸಬೇಕು. ಜಾತ್ರೆಯಲ್ಲಿ ಪ್ರದರ್ಶನಕ್ಕಿಟ್ಟ ವಿಚಿತ್ರಾಕಾರದವರನ್ನು ನೋಡಿ ಅದು ನಗುವುದಿಲ್ಲ. ಅವರನ್ನು ಹಿಡಿದಿಟ್ಟು ಕಾಸು ಮಾಡಹೊರಟ ಗಾಯಕನನ್ನು ನೋಡಿ ನಗುವುದು. ಓಡಿಹೋದವರನ್ನು ಹಿಡಿದುತರಲು ಹೊರಟ ಪೋಲೀಸರೇ ಕೊನೆಗೆ ಅವರ ಪಕ್ಷದವರಾಗುವರು. ಕಾಡುಮನುಷ್ಯರ ಮಂತ್ರವು ಫಲಿಸಿ, ಅಮೆರಿಕದ ಪಶ್ಚಿಮ ಭಾಗವನ್ನು ಮರಗಳು ಆವರಿಸಿಕೊಳ್ಳುವಲ್ಲಿಗೆ ಕಥೆ ಮುಗಿಯುವುದು. ದುರ್ಬಲರನ್ನು ನೋಡಿ ನಗದಿರುವ ಹಾಸ್ಯವು ಎಷ್ಟು ಒರಟಾಗಿದ್ದರೂ ಮನೆಯೊಳಗೆ ಬಿಟ್ಟುಕೊಳ್ಳಬಹುದೆಂಬುದು ನಮ್ಮ ಮತ. ಹಿರಿಯರು ಪಕ್ಕದಲ್ಲಿ ಕುಳಿತಿದ್ದರೆ, ಎಲ್ಲಿ ನಗಬೇಕು ಎಲ್ಲಿ ಬೇಡವೆಂಬುದೂ ಉಪದೇಶವಿಲ್ಲದೆ ತಿಳಿದುಬರುವುದು.

ಆಡಿದವರ ಮಾತಿಗೆ ಬೆಲೆಯುಂಟೇ ಎಂಬ ಪ್ರಶ್ನೆಗೆ ಈ ಆಟದ ಮುಂದಣ ಚರಿತ್ರೆಯು ಉತ್ತರ ಹೇಳುವುದು. 2002ರಲ್ಲಿ ಲ್ಯೂಕಸ್‌ಆರ್ಟ್ಸಿನವರು ಎರಡನೆಯ ಭಾಗವನ್ನು ಮಾಡುವೆವೆಂದು ಪ್ರಕಟಿಸಿದರು. ಕೆಲಸವು ಬಹಳಷ್ಟು ಸಾಗಿದ ಮೇಲೆ, 2004ರ ಮಾರ್ಚಿಯಲ್ಲಿ, ಮಾರುಕಟ್ಟೆಯ ಸ್ಥಿತಿಯನ್ನೂ ಹಣಕಾಸಿನ ವಿಚಾರವನ್ನೂ ಮುಂದಿಟ್ಟು ಅದನ್ನು ನಿಲ್ಲಿಸಿಬಿಟ್ಟರು. ಆಗ ಒಬ್ಬರನ್ನೊಬ್ಬರು ಕಾಣದ ಸಾವಿರಾರು ಆಟಗಾರರು ಒಂದು ಮನವಿಗೆ ರುಜುಹಾಕಿ ಪ್ರತಿಭಟಿಸಿದರು. ಸಂಸ್ಥೆಯು ಮನಸ್ಸು ಬದಲಿಸಲಿಲ್ಲ. ಆದರೆ ಅಲ್ಲಿಂದ ಹೊರಬಂದ ಕೆಲವರು ಅದೇ ವರ್ಷ ಟೆಲ್‌ಟೇಲ್ ಎಂಬ ಹೊಸ ಸಂಸ್ಥೆಯನ್ನು ಕಟ್ಟಿದರು. ಪರ್ಸೆಲ್ಲನು 2005ರಲ್ಲಿ ಅವರಿಗೆ ಅನುಮತಿ ಕೊಟ್ಟನು. 2006ರ ಅಕ್ಟೋಬರಿನಿಂದ ಹೊಸ ಆಟವು, ಮಾಸಪತ್ರಿಕೆಯ ಧಾರಾವಾಹಿಯಂತೆ, ಕಂತುಕಂತಾಗಿ ಹೊರಬಂದಿತು. ಹದಿಮೂರು ವರ್ಷ ಕಾದವರ ಕಾಯುವಿಕೆಯು ಫಲಿಸಿತು.

ಹೊಸ ಆಟವನ್ನು ಕುರಿತೂ ಅಭಿಪ್ರಾಯಗಳು ಕವಲೊಡೆದವು. ಒಗಟುಗಳು ನ್ಯಾಯವಾದುವು, ತಲೆಗೆ ನಿಲುಕುವಂಥವು ಎಂದು ಕೆಲವರು ಸಂತೋಷಪಟ್ಟರು. ಸುಲಭವಾಯಿತು, ಕಂತಿನಿಂದ ಕಂತಿಗೆ ಅವೇ ಬೀದಿ ಅವೇ ಅಂಗಡಿಗಳು ಬರುತ್ತಿವೆ ಎಂದು ಕೆಲವರು ಗೊಣಗಿದರು. ಟೆಲ್‌ಟೇಲ್ ಸಂಸ್ಥೆಯು 2018ರಲ್ಲಿ ಮುಚ್ಚಿಹೋದ ಬಳಿಕ, ಅಲ್ಲಿ ಹಿಂದೆ ದುಡಿದಿದ್ದ ಕೆಲವರು ಸ್ಕಂಕೇಪ್ ಎಂಬ ಹೆಸರಿನಲ್ಲಿ ಒಟ್ಟುಗೂಡಿ ಆ ಆಟಗಳನ್ನು ಹೊಸದಾಗಿ ಒಪ್ಪಮಾಡಿ 2020, 2021, 2024ನೆಯ ಇಸವಿಗಳಲ್ಲಿ ಹೊರತಂದರು. ಆಗ ಕಪ್ಪು ಜನಾಂಗದ ಅಂಗಡಿಯವನೊಬ್ಬನ ಪಾತ್ರಕ್ಕೆ ಅದೇ ಜನಾಂಗದ ನಟನ ಧ್ವನಿಯನ್ನು ಕೊಡಿಸಿ, ಕೆಲವು ಹಳೆಯ ನಗೆಮಾತುಗಳನ್ನು ತಿದ್ದಿದರು. ಹಳೆಯದನ್ನು ಮುಟ್ಟಬಾರದಿತ್ತೆಂದು ಕೆಲವು ಆಟಗಾರರು ಮುನಿದರು; ತಿದ್ದಿದುದೇ ಒಳ್ಳೆಯದಾಯಿತೆಂದು ಕೆಲವರು ಹೇಳಿದರು. ನಾವು ಎರಡನೆಯವರ ಜೊತೆಗೆ ನಿಲ್ಲುವೆವು. ಜೊತೆಗೂಡಿ ನಗಬೇಕಾದರೆ, ಕೂಡಿದವರಲ್ಲಿ ಯಾರೊಬ್ಬರ ಮುಖವೂ ಬಾಡಬಾರದಷ್ಟೆ.

1993ರ ಮೂಲದ ಆಟವು ಇಂದಿಗೂ ಇಂಟರ್‌ನೆಟ್ಟಿನಲ್ಲಿ ಕ್ರಯಕ್ಕೆ ದೊರೆಯುತ್ತಿದೆ. ಈಗಿನ ಕಂಪ್ಯೂಟರಿನಲ್ಲಿಯೂ ನಡೆಯುವುದು. ಅದನ್ನೇ ಆಡಿರೆಂದು ನಾವು ಯಾ ವಾಚಕರನ್ನೂ ಒತ್ತಾಯಮಾಡುವುದಿಲ್ಲ. ಇಂಗ್ಲಿಷಿನ ಹಾಸ್ಯದಲ್ಲಿ ಬಳಕೆಯಿಲ್ಲದವರಿಗೆ ಅದರ ರುಚಿಯು ಅರ್ಧವೇ ಸಿಕ್ಕೀತು. ನಮ್ಮ ವಿನಂತಿಯು ಇಷ್ಟೇ: ಮನೆಯ ಮಕ್ಕಳು ಪರದೆಯ ಮುಂದೆ ಕುಳಿತಾಗ, ಆ ಆಟವು ಒಳ್ಳೆಯದೋ ಕೆಟ್ಟದ್ದೋ ಎಂದು ಬಾಗಿಲಿನಿಂದಾಚೆ ನಿಂತು ತೀರ್ಪು ಕೊಡುವುದಕ್ಕೆ ಮುಂಚೆ, ಒಂದು ಮಣೆಯನ್ನೆಳೆದು ಪಕ್ಕದಲ್ಲಿ ಕುಳಿತುಕೊಳ್ಳಿರಿ. "ಈಗ ಏನು ಮಾಡಬೇಕು?" ಎಂದು ಕೇಳಿರಿ. ಬಂದ ಉತ್ತರವು ತಿಳಿಯದಿದ್ದರೆ ಮತ್ತೊಮ್ಮೆ ಕೇಳಿರಿ. ತೋಚಿದ್ದನ್ನು, ಅದೆಷ್ಟು ಅಸಂಬದ್ಧವಾಗಿದ್ದರೂ ಸರಿಯೆ, ಹೇಳಿರಿ. ಒಂದು ವೇಳೆ ಅದೇ ಉತ್ತರವಾಗಿರಬಹುದು. ಆಗದಿದ್ದರೂ, ಇಬ್ಬರು ಕೂಡಿ ನಕ್ಕ ಒಂದು ಸಂಜೆಯು ಆ ಮನೆಯ ಲೆಕ್ಕಕ್ಕೆ ಜಮೆಯಾಗುವುದು.